ಯುದ್ಧದಲ್ಲಿ ಸತ್ತ ತನ್ನ ಸದಸ್ಯರನ್ನು ಸೇವಾ ಸಂಸ್ಥೆಯೊಂದು ಹೇಗೆ ನೆನೆಯುತ್ತದೆ?

ಫಲಕದ ಮೇಲೆ ಹೆಸರು ಕೆತ್ತಿಸಿ, ವರ್ಷಕ್ಕೊಮ್ಮೆ ಹೂವು ಇಡುವುದು ಸಾಮಾನ್ಯ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಟಾಕ್ ಎಚ್ ಎಂಬ ಬ್ರಿಟಿಷ್ ಸೇವಾ ಸಂಸ್ಥೆಯ ದೀಪ.

1915ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಪೋಪರಿಂಗೆ ಊರಲ್ಲಿ ಪಾದ್ರಿ ಫಿಲಿಪ್ ಕ್ಲೇಟನ್ ಸೈನಿಕರಿಗಾಗಿ ಟಾಲ್ಬಟ್ ಹೌಸ್ ತೆರೆದರು. ಅದೇ ವರ್ಷದ ಜುಲೈನಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ ಗಿಲ್ಬರ್ಟ್ ಟಾಲ್ಬಟ್ ಎಂಬ ಯುವ ಅಧಿಕಾರಿಯ ಹೆಸರು ಅದಕ್ಕೆ. ಹುದ್ದೆಯನ್ನು ಬಾಗಿಲ ಹೊರಗೇ ಬಿಟ್ಟು ಬರಬೇಕು, ಅಲ್ಲಿನ ನಿಯಮ ಅದು. ಅಟ್ಟದಲ್ಲಿ ಪ್ರಾರ್ಥನೆಯ ಕೋಣೆ. ಬಡಗಿಯ ಕೆಲಸದ ಮೇಜೇ ಅಲ್ಲಿ ಪೂಜೆಯ ಪೀಠ! ಅಲ್ಲಿ ಮಂಡಿಯೂರಿ ಹೋದವರಲ್ಲಿ ಎಷ್ಟೋ ಜನ ಮತ್ತೆ ಬರಲೇ ಇಲ್ಲ.

ಯುದ್ಧ ಮುಗಿದ ಮೇಲೆ ಬದುಕುಳಿದವರು ಸೇರಿ ಟಾಕ್ ಎಚ್ ಕಟ್ಟಿದರು. ಟಾಲ್ಬಟ್ ಹೌಸ್‌ನ ಮೊದಲಕ್ಷರಗಳಾದ ಟಿ, ಎಚ್ ಅನ್ನು ಸೈನ್ಯದ ಸಂಕೇತ ಭಾಷೆಯಲ್ಲಿ ಹೇಳುತ್ತಿದ್ದುದು ಹಾಗೆ. 1922ರಲ್ಲಿ ದೀಪದ ಪದ್ಧತಿ ಶುರುವಾಯಿತು. ಶಾಖೆಗೊಂದು ಪುಟ್ಟ ಎಣ್ಣೆ ದೀಪ. ಮಗನನ್ನು ಕಳೆದುಕೊಂಡ ಮನೆಯವರೇ ಕೊಟ್ಟ ದೀಪಗಳೂ ಇದ್ದವು. ಸಭೆಯಲ್ಲಿ ಲೈಟೆಲ್ಲ ಆರಿಸಿ ಇದೊಂದನ್ನೇ ಹಚ್ಚುತ್ತಾರೆ. ಲಾರೆನ್ಸ್ ಬಿನ್ಯನ್ ಅವರ ಕವಿತೆಯ ಸಾಲುಗಳನ್ನು ಹೇಳಿ, ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾರೆ. ಉದ್ದದ ಭಾಷಣಕ್ಕಿಂತ ಇದೇ ವಾಸಿ ಅಲ್ವಾ? ಅದಾದ ಮೇಲೆ ಲೈಟು ಹಾಕಿ, ಯಾರಿಗೆ ಏನು ನೆರವು ಬೇಕು ಎಂಬ ಮಾಮೂಲಿ ಕೆಲಸದ ಮಾತಿಗೆ ಬರುತ್ತಾರೆ.