ಒನೇಸಿಮ: ಯಜಮಾನನ ಕಾಲದ ಹೆಸರು, ಪೌಲನ ಶ್ಲೇಷೆ

ಪ್ರಶ್ನೆ: ಮೊಮ್ಮಗನಿಗೆ ಒನೇಸಿಮ ಎಂದು ಹೆಸರಿಡಲು ಮಗ, ಸೊಸೆ ನಿಶ್ಚಯಿಸಿದ್ದಾರೆ. ‘ಅದು ಓಡಿಹೋದ ಗುಲಾಮನ ಹೆಸರು, ಮಗುವಿಗೆ ಬೇಡ’ ಎಂದು ಬೀಗರು ತಕರಾರು ತೆಗೆದಿದ್ದಾರೆ. ಹೆಸರಿನ ಅರ್ಥವೇನು? ಕ್ರೈಸ್ತನಾದ ಮೇಲೆ ಧರ್ಮಪ್ರಚಾರಕ ಪೌಲನೇ ಅವನಿಗೆ ಈ ಹೆಸರು ಇಟ್ಟನೆಂಬುದು ನಿಜವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೈಬಲಿನಲ್ಲಿ ಈ ಹೆಸರಿನವನು ಗುಲಾಮನೇ, ಆ ಮಟ್ಟಿಗೆ ನಿಮ್ಮ ಬೀಗರ ಮಾತು ಸರಿ. ಆದರೆ ಆ ಹೆಸರಿನ ಸ್ವಾರಸ್ಯವೆಲ್ಲ ಇರುವುದೂ ಅಲ್ಲಿಯೇ.

ಗ್ರೀಕಿನಲ್ಲಿ ‘ಒನೇಸಿಸ್’ ಎಂದರೆ ಲಾಭ, ಪ್ರಯೋಜನ. ಅದರಿಂದ ಹುಟ್ಟಿದ ‘ಒನೇಸಿಮೊಸ್’ ಎಂದರೆ ಉಪಯೋಗಕ್ಕೆ ಬರುವವನು, ಪ್ರಯೋಜಕ. ಪೌಲ ಇಟ್ಟ ಹೆಸರು ಇದೆಂದು ಎಲ್ಲಿಯೂ ಹೇಳಿಲ್ಲ. ಆ ಕಾಲದ ಗ್ರೀಕ್ ಜಗತ್ತಿನಲ್ಲಿ ಗುಲಾಮರಿಗೆ ಇದು ತೀರಾ ಸಾಮಾನ್ಯ ಹೆಸರಾಗಿತ್ತು. ಕೊಂಡ ಆಳಿಗೆ ಯಜಮಾನ ತನಗೆ ತೋಚಿದ ಹೆಸರು ಇಡುತ್ತಿದ್ದ. ಎತ್ತು ಕೊಂಡವನು ಅದರ ಗುಣ ನೋಡುವ ಮೊದಲೇ ‘ಬಸವ’ ಎನ್ನುವ ಹಾಗೆ. ಶಾಲೆಯ ವ್ಯಾಕರಣದಲ್ಲಿ ನಾವು ಅಂಕಿತನಾಮ, ಅನ್ವರ್ಥನಾಮ ಎಂದು ಓದಿದ್ದೇವಲ್ಲ, ಒನೇಸಿಮ ಎಂಬುದು ಆಗ ಬರೀ ಅಂಕಿತನಾಮ.

ಅದನ್ನು ಅನ್ವರ್ಥ ಮಾಡಿದವನು ಪೌಲ. ಒನೇಸಿಮನ ಯಜಮಾನ ಫಿಲೆಮೋನನಿಗೆ ಅವನು ಬರೆದ ಪತ್ರವನ್ನು ಬೈಬಲಿನಲ್ಲಿ ತೆಗೆದು ನೋಡಿ. ಇಪ್ಪತ್ತೈದೇ ವಚನ, ಅವನ ಹೆಸರಿನಲ್ಲಿರುವ ಪತ್ರಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಸೆರೆಯಲ್ಲಿರುವ ಪೌಲ, ಒನೇಸಿಮನನ್ನು ಯಜಮಾನನ ಬಳಿಗೆ ವಾಪಸು ಕಳುಹಿಸುತ್ತಿದ್ದಾನೆ. ಅವನು ಓಡಿಹೋಗಿದ್ದನೆಂದು ಪತ್ರ ನೇರವಾಗಿ ಹೇಳುವುದಿಲ್ಲ, ‘ಅಗಲಿದ್ದನು’ ಎನ್ನುತ್ತದೆ. ಓಡಿಹೋಗಿದ್ದಿರಬೇಕೆಂಬುದು ಬಹಳ ಹಿಂದಿನಿಂದ ಬಂದ ಊಹೆ. ಹತ್ತನೆಯ ವಚನದಲ್ಲಿ ಪೌಲ, ತಾನು ಕ್ರೈಸ್ತನನ್ನಾಗಿ ಮಾಡಿದವನನ್ನೇ ಮಗನೆಂದು ಕರೆದು, ‘ನನ್ನ ಮಗನಿಗಾಗಿ ಬೇಡುತ್ತೇನೆ, ಬೇಡಿಯಲ್ಲಿದ್ದಾಗ ನಾನು ಪಡೆದವನು’ ಎಂದು ರಾಗ ಎಳೆದು, ಗ್ರೀಕ್ ಮೂಲದಲ್ಲಿ ಹೆಸರನ್ನು ವಾಕ್ಯದ ಕಟ್ಟಕಡೆಗೆ ಇಡುತ್ತಾನೆ: ಒನೇಸಿಮ. ಕೋಪದಲ್ಲಿರಬಹುದಾದ ಯಜಮಾನನ ಮುಂದೆ ಆ ಹೆಸರನ್ನು ತಟ್ಟನೆ ಎತ್ತುವ ಧೈರ್ಯ ಪೌಲನಿಗೂ ಇರಲಿಲ್ಲವೇನೋ!

ಹೆಸರು ಹೇಳಿದ ಮರುಕ್ಷಣವೇ ಶ್ಲೇಷೆ. ಇವನು ಹಿಂದೆ ನಿನಗೆ ‘ಅಖ್ರೇಸ್ತೊಸ್’ ಆಗಿದ್ದ, ಈಗ ನಿನಗೂ ನನಗೂ ‘ಯೂಖ್ರೇಸ್ತೊಸ್’. ಮೊದಲಿನ ‘ಅ’ ನಮ್ಮ ಅಪ್ರಯೋಜಕದಲ್ಲಿರುವ ‘ಅ’ಕಾರದ ಅಣ್ಣತಮ್ಮ; ‘ಯೂ’ ಎಂಬುದು ನಮ್ಮ ‘ಸು’ ಇದ್ದಂತೆ. ಅಂದರೆ, ಪ್ರಯೋಜಕ ಎಂಬ ಹೆಸರಿನವನು ನಿನ್ನ ಮನೆಯಲ್ಲಿ ಅಪ್ರಯೋಜಕನಾಗಿದ್ದ, ಈಗ ಹೆಸರಿಗೆ ತಕ್ಕವನಾಗಿದ್ದಾನೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂದು ನಾವು ನಗುತ್ತೇವಲ್ಲ, ಅದೇ ಧಾಟಿ. ಪ್ರಯೋಜಕ ಎಂಬರ್ಥದ ‘ಖ್ರೇಸ್ತೊಸ್’ ಎಂಬುದೂ ಕ್ರಿಸ್ತ ಎಂಬರ್ಥದ ‘ಖ್ರಿಸ್ತೊಸ್’ ಎಂಬುದೂ ಅಂದಿನ ಉಚ್ಚಾರಣೆಯಲ್ಲಿ ಕಿವಿಗೆ ಹೆಚ್ಚು ಕಡಿಮೆ ಒಂದೇ ಆಗಿದ್ದವು. ಪತ್ರವನ್ನು ಗಟ್ಟಿಯಾಗಿ ಓದಿಸಿ ಕೇಳಿದವರಿಗೆ ‘ಕ್ರಿಸ್ತನಿಲ್ಲದವನು’ ಎಂಬ ಇನ್ನೊಂದು ದನಿಯೂ ತಟ್ಟಿರಬಹುದು. ಕನ್ನಡ ಅನುವಾದದಲ್ಲಿ ಅರ್ಥ ಉಳಿಯುತ್ತದೆ, ಈ ನಗು ಉಳಿಯುವುದಿಲ್ಲ. ಅನುವಾದಕರ ತಪ್ಪಲ್ಲ ಅದು.

ನನಗೆ ಇನ್ನೂ ಇಷ್ಟವಾಗುವುದು ಇಪ್ಪತ್ತನೆಯ ವಚನ. ಅದಕ್ಕೆ ಸ್ವಲ್ಪ ಮೊದಲು ಪೌಲ, ಇವನಿಂದ ನಿನಗೆ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಹಸ್ತದಿಂದ ಸಾಲಪತ್ರ ಬರೆದುಕೊಟ್ಟಂತೆ ಬರೆಯುತ್ತಾನೆ. ಜೊತೆಗೇ, ನೀನೇ ನನಗೆ ಋಣಿ ಎಂಬುದನ್ನು ನಾನು ಹೇಳಬೇಕಾಗಿಲ್ಲ ಎಂದು ಹೇಳಿಯೂ ಬಿಡುತ್ತಾನೆ! ಆಮೇಲೆ ‘ಸಹೋದರನೇ, ನಿನ್ನಿಂದ ನನಗೆ ಪ್ರಯೋಜನವಾಗಲಿ’ ಎಂಬ ಮಾತು. ಅಲ್ಲಿ ಬಳಸಿದ ಕ್ರಿಯಾಪದ ‘ಒನೈಮೇನ್’. ಒನೇಸಿಮ ಹುಟ್ಟಿದ ಧಾತುವೇ ಅದು. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲೆಲ್ಲ ಆ ಕ್ರಿಯಾಪದ ಬರುವುದು ಇಲ್ಲಿ ಮಾತ್ರ. ಈಗ ಒನೇಸಿಮನಾಗುವ ಸರದಿ ಯಜಮಾನನದು.

ಕೊಲೊಸ್ಸೆ ಎಂಬ ಊರಿನ ಕ್ರೈಸ್ತರಿಗೆ ಬರೆದ ಪತ್ರದ ಕೊನೆಯಲ್ಲಿ ಅದೇ ಹೆಸರು ‘ನಂಬಿಗಸ್ತನಾದ ಪ್ರಿಯ ಸಹೋದರ’ ಎಂಬ ವಿಶೇಷಣದೊಂದಿಗೆ ಬರುತ್ತದೆ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಎಫೆಸ ಪಟ್ಟಣದ ಬಿಷಪ್ ಒನೇಸಿಮನನ್ನು ಹೊಗಳಿದ್ದಾನೆ. ಈ ಬಿಷಪ್, ಪೌಲನ ಪತ್ರದ ಒನೇಸಿಮ ಇಬ್ಬರೂ ಒಬ್ಬರೇ ಎನ್ನುವವರಿದ್ದಾರೆ. ಹೆಸರು ಅಷ್ಟು ಸಾಮಾನ್ಯವಾಗಿದ್ದಾಗ ಆಣೆ ಹಾಕುವುದು ಕಷ್ಟ. ಆದರೆ ಗುಲಾಮರ ಹೆಸರೊಂದು ಬಿಷಪ್‌ನ ಹೆಸರೂ ಆಗಿತ್ತೆಂಬುದನ್ನು ಬೀಗರಿಗೆ ಧಾರಾಳವಾಗಿ ಹೇಳಬಹುದು.

ಇನ್ನು ಬರೆಯುವ ರೀತಿ. ಗ್ರೀಕಿನ ‘ಒಸ್’ ಲ್ಯಾಟಿನ್‌ನಲ್ಲಿ ‘ಉಸ್’ ಆಗಿ, ಇಂಗ್ಲಿಷಿನ ಮೂಲಕ ಒನೆಸಿಮಸ್ ಎಂದು ನಮ್ಮಲ್ಲಿಗೆ ಬಂತು. ರಾಮಃ ಎಂಬುದರ ವಿಸರ್ಗ ಬಿಟ್ಟು ರಾಮ ಎನ್ನುವ ನಮಗೆ ಒನೇಸಿಮ ಎಂಬುದೇ ಸಹಜ. ಜನನ ಪ್ರಮಾಣಪತ್ರದಲ್ಲಿ ಬರೆಸುವಾಗ ‘ನೇ’ಕಾರದ ದೀರ್ಘವನ್ನು ಬಿಡಬೇಡಿ, ಗ್ರೀಕಿನಲ್ಲಿಯೂ ಒತ್ತು ಬೀಳುವುದು ಅದರ ಮೇಲೆಯೇ.