ನಿಮ್ಮ ಆಮೆ ಲೇಖನಕ್ಕೆ ಮೊದಲು ಪಕ್ಕೆಲುಬು ಬೇಕು

ನಮಸ್ಕಾರ.

ನೀವು ಕಳಿಸಿದ ‘ಮನೆ ಹೊತ್ತು ತಿರುಗುವ ಜೀವಿ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಸಲೀಸಾಗಿದೆ, ಹೊನ್ನಾವರದ ಕಾಸರಕೋಡು ಕಡಲತೀರದ ವರ್ಣನೆಯಂತೂ ಚೆನ್ನಾಗಿಯೇ ಬಂದಿದೆ. ತೊಡಕಿರುವುದು ಶೀರ್ಷಿಕೆಯಲ್ಲೇ. ಚಿಪ್ಪನ್ನು ಮನೆ ಅಂದುಕೊಂಡು ಹೊರಟಿದ್ದೀರಿ. ಮುಂದಿನ ತಪ್ಪುಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟಿವೆ.

‘ಅಪಾಯ ಕಳೆದ ಮೇಲೆ ಆಮೆ ಚಿಪ್ಪಿನಿಂದ ಹೊರಬರುತ್ತದೆ’ ಎಂದು ಬರೆದಿದ್ದೀರಿ. ಹೊರಗೆ ಬರುವುದು ತಲೆ, ಕಾಲು, ಬಾಲ ಅಷ್ಟೇ. ನೀವೇ ವರ್ಣಿಸಿದ ಕಡಲಾಮೆಗೆ ಅದೂ ಇಲ್ಲ: ಅದು ತಲೆಯನ್ನಾಗಲಿ ಈಜುಗಾಲನ್ನಾಗಲಿ ಒಳಗೆ ಎಳೆದುಕೊಳ್ಳಲಾರದು.

ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಹಳೆಯ ಚಿಪ್ಪೊಂದಿದ್ದರೆ ಕೇಳಿ, ಮಗುಚಿ ನೋಡಿ. (ದಡದಲ್ಲಿ ಸಿಕ್ಕಿದ್ದನ್ನು ಮನೆಗೆ ತರಬೇಡಿ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.) ಒಳಮೈಯ ನಡುವೆ ಬೆನ್ನುಮೂಳೆ ಚಿಪ್ಪಿಗೇ ಬೆಸೆದುಕೊಂಡಿರುತ್ತದೆ. ಅದರ ಎರಡೂ ಬದಿಗೆ ಪಕ್ಕೆಲುಬುಗಳು ಹಲಗೆಯಷ್ಟು ಅಗಲವಾಗಿ ಹರಡಿ, ಅಂಚುಗಳಲ್ಲಿ ಗರಗಸದ ಹಲ್ಲಿನಂತೆ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಹೊರಗೆ ಕಾಣುವ ಬಿಲ್ಲೆಗಳು ನಮ್ಮ ಉಗುರಿನಂಥ ಕೆರಾಟಿನ್. ಬಿಲ್ಲೆಗಳ ಗೆರೆ ಒಂದು ಕಡೆ, ಕೆಳಗಿನ ಎಲುಬಿನ ಬೆಸುಗೆ ಇನ್ನೊಂದು ಕಡೆ. ಇಟ್ಟಿಗೆ ಗೋಡೆಯಲ್ಲಿ ಒಂದು ವರಸೆಯ ಸಂದು ಮುಂದಿನ ವರಸೆಯ ಸಂದಿನ ಮೇಲೆ ಬೀಳದಂತೆ ಕಟ್ಟುವುದಿಲ್ಲವೇ, ಹಾಗೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಚಿಪ್ಪನ್ನು ಮನೆ ಎಂದು ಬರೆಯಲಾರರು.

ಇನ್ನೊಂದು ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ, ಆದರೆ ಲೇಖನ ನಿಲ್ಲಬೇಕಾದದ್ದೇ ಅದರ ಮೇಲೆ. ನಮ್ಮ ಹೆಗಲಿನ ಎಲುಬು ಪಕ್ಕೆಲುಬಿನ ಗೂಡಿನ ಹೊರಗಿದೆ, ಆಮೆಯದು ಒಳಗೆ. ಭ್ರೂಣದಲ್ಲಿ ಅದರ ಪಕ್ಕೆಲುಬುಗಳು ಎದೆಯ ಕಡೆ ಬಾಗದೆ ನೇರ ಪಕ್ಕಕ್ಕೆ ಚಾಚುತ್ತವೆ, ಮೈಗೋಡೆ ಒಳಕ್ಕೆ ಮಡಿಚಿಕೊಳ್ಳುತ್ತದೆ, ಹೆಗಲು ಅದರಡಿಗೆ ಸೇರಿಹೋಗುತ್ತದೆ. ಪಕ್ಕೆಲುಬು ಅಲ್ಲಾಡದಿದ್ದರೆ ಎದೆ ಉಬ್ಬಿಸಿ ಉಸಿರೆಳೆಯಲು ಬರುವುದಿಲ್ಲ. ಆ ಕೆಲಸ ಹೊಟ್ಟೆಯ ಸ್ನಾಯುಗಳ ಪಾಲಿಗೆ ಬಿದ್ದಿದೆ: ಒಳಾಂಗಗಳನ್ನು ಒತ್ತಿ, ಸಡಿಲಿಸಿ ಅವು ಶ್ವಾಸಕೋಶಕ್ಕೆ ಗಾಳಿಯಾಡಿಸುತ್ತವೆ.

‘ಶತ್ರುಗಳಿಂದ ಪಾರಾಗಲು ಆಮೆ ಚಿಪ್ಪು ಬೆಳೆಸಿಕೊಂಡಿತು’ ಎಂಬ ವಾಕ್ಯವನ್ನು ತೆಗೆದುಹಾಕಿ. ಯಾವ ಪ್ರಾಣಿಯೂ ಬೇಕೆಂದು ಏನನ್ನೂ ಬೆಳೆಸಿಕೊಳ್ಳುವುದಿಲ್ಲ. ಅದೂ ಅಲ್ಲದೆ, ಅಗಲ ಪಕ್ಕೆಲುಬು ಮೊದಲಿಗೆ ನಷ್ಟದ ವ್ಯವಹಾರ: ನಡಿಗೆ ನಿಧಾನ, ಉಸಿರು ಕಷ್ಟ. ಹಾಗಿದ್ದೂ ಅದು ಏಕೆ ಉಳಿಯಿತು? ದಕ್ಷಿಣ ಆಫ್ರಿಕಾದ ಸುಮಾರು 26 ಕೋಟಿ ವರ್ಷ ಹಳೆಯ ಸರೀಸೃಪ ಯೂನೋಟೊಸಾರಸ್‌ಗೆ ಚಿಪ್ಪಿರಲಿಲ್ಲ, ಅಗಲ ಪಕ್ಕೆಲುಬೂ ಬಲವಾದ ಮುಂಗಾಲೂ ಇದ್ದವು. ನೆಲ ತೋಡುವಾಗ ಮೈಯನ್ನು ಗಟ್ಟಿಯಾಗಿ ಊರಲು ಆ ಪಕ್ಕೆಲುಬು ನೆರವಾಗಿರಬಹುದು ಎಂಬ ವಾದವನ್ನು ವಿಜ್ಞಾನಿಗಳು 2016ರಲ್ಲಿ ಮುಂದಿಟ್ಟರು. ಆ ಪ್ರಾಣಿ ಆಮೆಯ ಬಳಗದ್ದೇ ಎಂಬುದನ್ನು ಎಲ್ಲರೂ ಒಪ್ಪಿಲ್ಲ, ಹಾಗಾಗಿ ಬರೆಯುವಾಗ ‘ಎಂಬ ವಾದವಿದೆ’ ಎಂದೇ ಬರೆಯಿರಿ.

ಚೀನಾದ ಗುಯಿಝೌನಲ್ಲಿ ಸಿಕ್ಕಿ 2008ರಲ್ಲಿ ಹೆಸರು ಪಡೆದ ಪುರಾತನ ಆಮೆ ಓಡೊಂಟೊಕೆಲಿಸ್ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸುಮಾರು 22 ಕೋಟಿ ವರ್ಷ ಹಳೆಯದು. ಹೊಟ್ಟೆಯ ಚಿಪ್ಪು ಪೂರ್ತಿ ಇದೆ, ಬೆನ್ನಿನದು ಇನ್ನೂ ಆಗಿಲ್ಲ, ಬಾಯಲ್ಲಿ ಹಲ್ಲಿದೆ. ‘ಆಮೆಗಳಿಗೆ ಎಂದೂ ಹಲ್ಲಿರಲಿಲ್ಲ’ ಎಂಬ ನಿಮ್ಮ ಸಾಲನ್ನು ಇದೊಂದೇ ಅಳಿಸುತ್ತದೆ. ‘ಡೈನೋಸಾರ್ ಕಾಲದಿಂದ ಒಂದಿಷ್ಟೂ ಬದಲಾಗಿಲ್ಲ’ ಎನ್ನುವುದಕ್ಕೆ ಜರ್ಮನಿಯ ಪುರಾತನ ಆಮೆ ಪ್ರೊಗ್ಯಾನೊಕೆಲಿಸ್ ನೋಡಿ. ಸುಮಾರು 21 ಕೋಟಿ ವರ್ಷದ ಹಿಂದೆಯೇ ಅದಕ್ಕೆ ಪೂರ್ಣ ಚಿಪ್ಪಿತ್ತು, ಆದರೆ ಕತ್ತು ಒಳಗೆ ಹೋಗುತ್ತಿರಲಿಲ್ಲ. ಕತ್ತಿನ ಮೇಲೆ ಮುಳ್ಳುಗಳಿದ್ದವು. ಕತ್ತನ್ನು ಒಳಗೆಳೆಯುವ ವಿದ್ಯೆ ಆಮೇಲಿನದು, ಅದರಲ್ಲೂ ಎರಡು ದಾರಿ: ನಮ್ಮ ದೇಶದ ನೆಲದಾಮೆ, ಕೆರೆಯಾಮೆಗಳು ಕತ್ತನ್ನು ನೆಟ್ಟಗೆ ಹಿಂದಕ್ಕೆ ಮಡಿಚುತ್ತವೆ, ದಕ್ಷಿಣ ಅಮೆರಿಕ, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿರುವ ಇನ್ನೊಂದು ಪಂಗಡ ಪಕ್ಕಕ್ಕೆ ಮಡಿಚಿಕೊಳ್ಳುತ್ತದೆ.

ಕಡಲತೀರದ ಭಾಗದಲ್ಲಿ ಒಂದೇ ತಪ್ಪು, ಆದರೆ ದೊಡ್ಡದು. ಬಿಸಿ ಮರಳಿನಲ್ಲಿ ಗಂಡು ಹುಟ್ಟುತ್ತದೆ ಎಂದಿದ್ದೀರಿ. ಕಡಲಾಮೆಗಳಲ್ಲಿ ಇದು ತಿರುಗುಮುರುಗು: ಗೂಡಿನ ತಾಪ ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗಿಂತ ಹೆಚ್ಚಾದಷ್ಟೂ ಹೆಣ್ಣು ಹೆಚ್ಚು, ತಂಪಾದರೆ ಗಂಡು. ಕಾವಿನ ಅವಧಿಯ ನಡುವಿನ ಮೂರನೇ ಒಂದು ಪಾಲಿನಲ್ಲಿ ಇದು ತೀರ್ಮಾನವಾಗುತ್ತದೆ. ಮೊಟ್ಟೆಗಳನ್ನು ತೆಗೆದು ಬೇಲಿಯೊಳಗೆ ಹೂಳುವವರು ಗುಂಡಿಯ ಆಳವನ್ನೂ ನೆರಳನ್ನೂ ಅಷ್ಟು ಗಮನಿಸುವುದು ಇದಕ್ಕೇ. ನಿಮ್ಮ ವರ್ಣನೆಯಲ್ಲಿ ಆ ಬೇಲಿ ಈಗಾಗಲೇ ಇದೆ, ಕಾರಣವನ್ನು ಪಕ್ಕಕ್ಕೆ ಸೇರಿಸಿದರೆ ಸಾಕು.

ಕೂರ್ಮಾವತಾರ, ಆಮೆ–ಮೊಲದ ಓಟ ಎರಡನ್ನೂ ಬಿಡಿ, ಓದುಗರಿಗೆ ಚೆನ್ನಾಗಿ ಗೊತ್ತಿವೆ. ಅಲ್ಲಿ ಉಳಿಯುವ ಜಾಗವನ್ನು ಹೆಗಲಿಗೂ ಉಸಿರಿಗೂ ಕೊಡಿ. ಒಟ್ಟು 1,200 ಪದ ಮೀರದಿರಲಿ. ಹೊಸ ಶೀರ್ಷಿಕೆಯನ್ನು ಎಲ್ಲ ಬರೆದಾದ ಮೇಲೆ ಯೋಚಿಸಿ, ತಿದ್ದಿದ ಪ್ರತಿಯನ್ನು ನಮಗೇ ಕಳಿಸಿ.

– ಸಂಪಾದಕರು