ಓದುಗರ ಪ್ರಶ್ನೆ: ಇಂಧನಕೋಶದ ಎಲೆಕ್ಟ್ರೋಲೈಟ್ ಎಷ್ಟು ತೆಳುವಿರಬೇಕು?

ಪ್ರಶ್ನೆ: ಘನ ಆಕ್ಸೈಡ್ ಇಂಧನಕೋಶದ ಎಲೆಕ್ಟ್ರೋಲೈಟಿಗೆ, ಅಂದರೆ ಆಕ್ಸಿಜನ್ ಅಯಾನುಗಳನ್ನಷ್ಟೇ ಹಾಯಿಸಬೇಕಾದ ನಡುವಿನ ಪದರಕ್ಕೆ, 150 ಮೈಕ್ರಾನ್ ದಪ್ಪದ ವೈಎಸ್‌ಝಡ್ (ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ) ಬಿಲ್ಲೆ ಬಳಸಿದ್ದೇವೆ. 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೋಡ್ ಇಲ್ಲದಾಗ 1.09 ವೋಲ್ಟ್ ಬರುತ್ತದೆ. ಚದರ ಸೆಂಟಿಮೀಟರಿಗೆ ಅರ್ಧ ಆಂಪಿಯರ್ ಎಳೆದರೆ 0.55ಕ್ಕೆ ಕುಸಿಯುತ್ತದೆ. ಜಿರ್ಕೋನಿಯಾ ಬಿಟ್ಟು ಸೀರಿಯಾಕ್ಕೆ ಹೋಗೋಣವೇ?
– ಎಂ.ಟೆಕ್. ವಿದ್ಯಾರ್ಥಿಗಳು, ಸುರತ್ಕಲ್

ಉತ್ತರ: ಬೇಡ, ಮೊದಲು ದಪ್ಪ ಇಳಿಸಿ. 8 ಮೋಲ್ ಶೇಕಡಾ ಯಿಟ್ರಿಯಾ ಇರುವ ಜಿರ್ಕೋನಿಯಾದ ವಾಹಕತೆ 800 ಡಿಗ್ರಿಯಲ್ಲಿ ಸೆಂಟಿಮೀಟರಿಗೆ ಸುಮಾರು 0.03 ಸೀಮೆನ್ಸ್. ನಿಮ್ಮ ಬಿಲ್ಲೆಯ ದಪ್ಪ 0.015 ಸೆಂ.ಮೀ. ಭಾಗಿಸಿದರೆ ರೋಧ 0.5 ಓಮ್ ಚದರ ಸೆಂ.ಮೀ. ಅರ್ಧ ಆಂಪಿಯರಿಗೆ 0.25 ವೋಲ್ಟ್ ಅಲ್ಲೇ ಹೋಯಿತು, ಅಂದರೆ ಒಟ್ಟು ನಷ್ಟದ ಹತ್ತಿರಹತ್ತಿರ ಅರ್ಧ. 10 ಮೈಕ್ರಾನ್ ಪದರವಾದರೆ ಹೋಗುವುದು 17 ಮಿಲಿವೋಲ್ಟ್ ಮಾತ್ರ.

ಈ ಲೆಕ್ಕವನ್ನು ಇಂಪೀಡೆನ್ಸ್ ಅಳತೆಯೊಂದಿಗೆ ತಾಳೆ ನೋಡಿ. ಹೆಚ್ಚಿನ ಆವರ್ತನದ ತುದಿಯಲ್ಲಿ ರೇಖೆ ಅಡ್ಡ ಅಕ್ಷವನ್ನು ಕಡಿಯುವ ಬಿಂದು 0.5ಕ್ಕಿಂತ ತುಂಬಾ ಮೇಲಿದ್ದರೆ, ಮೊದಲು ವಿದ್ಯುತ್ ಎಳೆಯುವ ಜಾಲರಿ ಮತ್ತು ಪೇಸ್ಟಿನ ಸಂಪರ್ಕವನ್ನು ಪರೀಕ್ಷಿಸಿ.

ಗ್ಯಾಡೊಲಿನಿಯಂ ಬೆರೆಸಿದ ಸೀರಿಯಾ, ಅಂದರೆ ಜಿಡಿಸಿ, 600 ಡಿಗ್ರಿಯಲ್ಲಿ ಸುಮಾರು 0.02 ಸೀಮೆನ್ಸ್ ಕೊಡುತ್ತದೆ. ಅದೇ ದಪ್ಪದಲ್ಲಿ ರೋಧ 0.75 ಓಮ್, ಈಗಿನದಕ್ಕಿಂತ ಹೆಚ್ಚು! ಇನ್ನು 800 ಡಿಗ್ರಿಯಲ್ಲಿ ಇಂಧನದ ಬದಿಯ ಸೀರಿಯಂ ಅಪಕರ್ಷಣಗೊಂಡು ಎಲೆಕ್ಟ್ರಾನುಗಳಿಗೂ ದಾರಿ ಬಿಡುತ್ತದೆ. ಕೋಶ ಒಳಗೊಳಗೇ ಸೋರಿ, ಲೋಡ್ ಇಲ್ಲದೆಯೂ ವೋಲ್ಟೇಜ್ 1ಕ್ಕಿಂತ ಸಾಕಷ್ಟು ಕೆಳಗಿಳಿಯುತ್ತದೆ. ಜಿಡಿಸಿಗೆ ಒಪ್ಪುವುದು 600 ಡಿಗ್ರಿಯ ಆಸುಪಾಸು, ಅದೂ ತೆಳು ಪದರವಾಗಿ.

ಪ್ರಶ್ನೆ: ಇಂಧನದ ಬದಿಯ ನಿಕ್ಕಲ್ ಆಕ್ಸೈಡ್-ವೈಎಸ್‌ಝಡ್ ಆಧಾರದ ಮೇಲೆ 10 ಮೈಕ್ರಾನ್ ಎಲೆಕ್ಟ್ರೋಲೈಟ್ ಪದರ ಮುದ್ರಿಸಿ 1400 ಡಿಗ್ರಿಯಲ್ಲಿ ಸುಟ್ಟರೆ ಬಿಲ್ಲೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ವೋಲ್ಟೇಜೂ 0.9 ದಾಟುವುದಿಲ್ಲ.
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಎರಡನ್ನೂ ಬೇರೆಬೇರೆಯಾಗಿ ನೋಡಿ. ಹೆಚ್ಚು ಕುಗ್ಗುವ ಬದಿ ಒಳಬಾಗುತ್ತದೆ. ಎಲೆಕ್ಟ್ರೋಲೈಟ್ ಬದಿ ತಗ್ಗಾಗಿದ್ದರೆ, ಆಧಾರವನ್ನು ಮುಂಚೆಯೇ ಅತಿಯಾಗಿ ಸುಟ್ಟಿದ್ದೀರಿ. ಅದರಲ್ಲಿ ಕುಗ್ಗಲು ಜಾಗ ಉಳಿದಿಲ್ಲ. ಹೀಗೆ ಹಿಡಿದಿಟ್ಟ ಪದರ ಪೂರ್ತಿ ಗಟ್ಟಿಯಾಗುವುದೂ ಇಲ್ಲ. ಮುಂಚಿನ ಸುಡುವಿಕೆಯನ್ನು 50 ಡಿಗ್ರಿ ಇಳಿಸಿ ನೋಡಿ. ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು) ಕಳೆಯುವ 600 ಡಿಗ್ರಿವರೆಗೆ ನಿಮಿಷಕ್ಕೆ 1 ಡಿಗ್ರಿಯಂತೆ ಮಾತ್ರ ಏರಿಸಿ. ಅವಸರ ಮಾಡಿದರೆ ಅನಿಲ ನುಗ್ಗಿ ಪದರ ಬಿರಿಯುತ್ತದೆ. ಮೇಲೆ ರಂಧ್ರಮಯ ಅಲ್ಯೂಮಿನಾ ಹಲಗೆಯ ಹಗುರ ಭಾರ ಇಡಿ.

ಇನ್ನು ವೋಲ್ಟೇಜ್. ಶೇ 3 ನೀರಾವಿ ಇರುವ ಜಲಜನಕಕ್ಕೆ 800 ಡಿಗ್ರಿಯಲ್ಲಿ ಸಿಗಬೇಕಾದ್ದು 1.10. ಇಂಧನದ ಹರಿವು ಹೆಚ್ಚಿಸಿ: ವೋಲ್ಟೇಜ್ ಏರಿದರೆ ಅನಿಲ ಸೋರಿಕೆ, ಕದಲದಿದ್ದರೆ ಎಲೆಕ್ಟ್ರಾನ್ ಸೋರಿಕೆ ಅಥವಾ ಶಾರ್ಟ್. ಅನಿಲವೇ ಸೋರುತ್ತಿದ್ದರೆ ತಪ್ಪು ಸೀಲಿನದೋ ಪದರದ್ದೋ ತಿಳಿಯಲು, ಸುಟ್ಟ ಹೊಸ ಬಿಲ್ಲೆಯ ಎಲೆಕ್ಟ್ರೋಲೈಟ್ ಮೇಲೆ ಬಣ್ಣ ಬೆರೆಸಿದ ಎಥನಾಲ್ ಹನಿ ಬಿಟ್ಟು ಒರೆಸಿ. ಸೂಜಿರಂಧ್ರವಿದ್ದಲ್ಲಿ ಚುಕ್ಕೆ ಉಳಿಯುತ್ತದೆ. ಮೂಲ ಸಾಮಾನ್ಯವಾಗಿ ಪುಡಿಯ ಗಂಟುಗಳು ಇಲ್ಲವೇ ಧೂಳು. ಮುದ್ರಣದ ಶಾಯಿಯನ್ನು 24 ಗಂಟೆ ಬಾಲ್ ಮಿಲ್‌ನಲ್ಲಿ ಅರೆದು, ಜಾಲರಿಯಲ್ಲಿ ಸೋಸಿ. ದಪ್ಪನೆಯ ಒಂದು ಪದರಕ್ಕಿಂತ, ನಡುವೆ ಒಣಗಿಸಿ ಹಾಕಿದ ಎರಡು ತೆಳು ಪದರ ಲೇಸು. ಮೊದಲನೆಯದರ ರಂಧ್ರವನ್ನು ಎರಡನೆಯದು ಮುಚ್ಚುತ್ತದೆ.

ಪ್ರಶ್ನೆ: ಎಲ್‌ಎಸ್‌ಸಿಎಫ್ (ಲ್ಯಾಂಥನಂ, ಸ್ಟ್ರಾನ್ಷಿಯಂ, ಕೋಬಾಲ್ಟ್, ಕಬ್ಬಿಣಗಳ ಆಕ್ಸೈಡ್) ಕ್ಯಾಥೋಡನ್ನು, ಅಂದರೆ ಗಾಳಿಯ ಬದಿಯ ವಿದ್ಯುದ್ವಾರವನ್ನು, ನೇರ ವೈಎಸ್‌ಝಡ್ ಮೇಲೆ ಹಾಕಬಹುದೇ?
– ಓದುಗರು, ಧಾರವಾಡ

ಉತ್ತರ: ಖಂಡಿತ ಹಾಕಬಾರದು. ಕ್ಯಾಥೋಡಿನ ಸ್ಟ್ರಾನ್ಷಿಯಂ ಜಿರ್ಕೋನಿಯಾದೊಂದಿಗೆ ಸೇರಿ ಸ್ಟ್ರಾನ್ಷಿಯಂ ಜಿರ್ಕೋನೇಟ್ ಆಗುತ್ತದೆ, ಅದರಲ್ಲಿ ಅಯಾನು ಹರಿಯುವುದೇ ಕಷ್ಟ. ನಡುವೆ 3ರಿಂದ 5 ಮೈಕ್ರಾನ್ ಜಿಡಿಸಿ ತಡೆಪದರ ಹಾಕಿ ಸುಮಾರು 1250 ಡಿಗ್ರಿಯಲ್ಲಿ ಸುಡಿ. 1300 ಮೀರಿದರೆ ಸೀರಿಯಾ-ಜಿರ್ಕೋನಿಯಾ ಪರಸ್ಪರ ಕರಗಿ ಕಳಪೆ ವಾಹಕವಾಗುತ್ತವೆ. ತೀರಾ ಕಡಿಮೆಯಾದರೆ ಪದರ ಸಡಿಲವಾಗಿದ್ದು ಸ್ಟ್ರಾನ್ಷಿಯಂ ರಂಧ್ರಗಳಲ್ಲಿ ನುಸುಳುತ್ತದೆ. ಕ್ಯಾಥೋಡನ್ನು ಆಮೇಲೆ 1050-1100 ಡಿಗ್ರಿಯಲ್ಲಿ ಸುಟ್ಟರೆ ಸಾಕು.